ಬರ್ಫರ್ಡಿನ ಚರ್ಚು ಯಾರದು?

ಬಾಗಿಲ ಹತ್ತಿರ ನಮ್ಮ ಕಾಲುಗಳು ನಿಂತುಬಿಟ್ಟವು.

ಬಾಗಿಲು ತೆರೆದೇ ಇತ್ತು. ಕಾವಲಿಗೆ ಯಾರೂ ಇರಲಿಲ್ಲ. ಇಂಥವರು ಒಳಗೆ ಬರಕೂಡದು ಅನ್ನುವ ಬೋರ್ಡೂ ಇರಲಿಲ್ಲ. ಆದರೂ ನಿಂತೆವು. ನಮ್ಮಲ್ಲೊಬ್ಬ ಬಗ್ಗಿ ಬೂಟಿನ ದಾರ ಬಿಚ್ಚೋಕೆ ಶುರು ಮಾಡಿದ. ಒಳಗೆ ಹೂ ಜೋಡಿಸುತ್ತಿದ್ದ ಒಬ್ಬ ಮುದುಕಿ ಅದನ್ನು ನೋಡಿ ನಕ್ಕರು. 'ಬಿಚ್ಚಬೇಡಪ್ಪ, ಕಲ್ಲು ತಣ್ಣಗಿದೆ. ಹಂಗೇ ಬನ್ನಿ' ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಆಕೆಗೆ ನಮ್ಮ ಕೇರಿ ಗೊತ್ತಿಲ್ಲ. ನಮ್ಮೂರ ಗುಡಿಯ ಮುಂದೆ ನಮ್ಮ ಅಪ್ಪಂದಿರು ಎಷ್ಟು ಮಾರು ದೂರ ನಿಂತು ಕೈ ಮುಗಿಯುತ್ತಿದ್ದರು, ಪೂಜಾರಿ ಮಂಗಳಾರತಿಯನ್ನು ಎಲ್ಲಿವರೆಗೆ ತಂದು ವಾಪಸು ಹೋಗುತ್ತಿದ್ದ ಅನ್ನೋದು ಆಕೆಗೆ ಗೊತ್ತಿಲ್ಲ. ನಾವು ಸಾವಿರಾರು ಮೈಲಿ ದಾಟಿ ಬಂದಿದ್ದರೂ ಆ ಅಳತೆ ನಮ್ಮ ಕಾಲಿನ ಜೊತೆಗೇ ಬಂದಿತ್ತು.

ಇದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಬರ್ಫರ್ಡ್ ಎಂಬ ಸಂತೆಪೇಟೆ. ಆಕ್ಸ್‌ಫರ್ಡಿನಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಬಂದೆವು. ಪೇಟೆಬೀದಿ ದಿಣ್ಣೆಯ ಮೇಲಿಂದ ಸೀದಾ ಇಳಿದು ವಿಂಡ್‌ರಷ್ ಎಂಬ ಸಣ್ಣ ಹೊಳೆಯ ಹಳೇ ಕಲ್ಲುಸೇತುವೆಗೆ ಮುಟ್ಟುತ್ತದೆ. ಎರಡೂ ಕಡೆ ಜೇನುಬಣ್ಣದ ಕಲ್ಲಿನ ಮನೆ, ಅಂಗಡಿ. ಕೆಳಗೆ ಹೊಳೆಯ ಹತ್ತಿರ ಸಂತ ಯೋಹಾನನ ಚರ್ಚು. ನೋಡಲು ಬರುವವರಲ್ಲಿ ಬಹುಪಾಲು ಜನ ಟೀ ಕುಡಿದು, ಫೋಟೋ ತೆಗೆದು, 'ಎಷ್ಟು ಚೆಂದದ ಊರು' ಅಂತ ಹೋಗುತ್ತಾರೆ. ಚೆಂದ ಇರುವುದು ನಿಜ. ಆದರೆ ನಾವು ಚೆಂದ ನೋಡಲು ಹೋದವರಲ್ಲ. ಆ ಚರ್ಚಿನ ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದ ಮೂವರು ಬಂಡಾಯಗಾರರನ್ನು ನೋಡಲು ಹೋದವರು.

ಗೆಳೆಯರೆ, ಯಾವ ಊರಿನ ಯಾವ ದೇವರ ಮನೆಗೆ ಹೋದರೂ ನಾವು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಯಾರದು? ಕಟ್ಟಿಸಿದವನದೋ, ಕಟ್ಟಿದವನದೋ? ಒಳಗೆ ಮಲಗಿದವನದೋ, ಹೊರಗೆ ಸತ್ತವನದೋ?

*

ಬರ್ಫರ್ಡಿಗೆ ಸಂತೆ ನಡೆಸುವ ಹಕ್ಕು ಸಿಕ್ಕಿದ್ದು 11ನೇ ಶತಮಾನ ಮುಗಿಯುವ ಹೊತ್ತಿಗೆ. ಅಂದರೆ ನಮ್ಮ ಕಲ್ಯಾಣದಲ್ಲಿ ಶರಣರು ಸೇರುವುದಕ್ಕೂ ಮುಂಚೆ. ಚರ್ಚಿನ ಹಳೆಯ ಭಾಗ, ನಡುವಿನ ದಪ್ಪ ಗೋಪುರ, 12ನೇ ಶತಮಾನದ್ದು. ಅದರ ಮೇಲಿನ ಚೂಪು ಶಿಖರವನ್ನೂ ಮೂರು ಅಂತಸ್ತಿನ ಮುಖಮಂಟಪವನ್ನೂ 15ನೇ ಶತಮಾನದಲ್ಲಿ ಕೂಡಿಸಿದರು. ದುಡ್ಡು ಎಲ್ಲಿಂದ ಬಂತು? ಕುರಿ ತುಪ್ಪಟದಿಂದ. ಕಾಟ್ಸ್‌ವೋಲ್ಡ್ ಎಂಬ ಈ ದಿಣ್ಣೆಸೀಮೆಯ ಉಣ್ಣೆ ಯೂರೋಪಿನ ಪೇಟೆಗಳಿಗೆಲ್ಲ ಹೋಗುತ್ತಿತ್ತು. ಹಾಗಾಗಿ ಇಂಥ ಚರ್ಚುಗಳಿಗೆ ಇವತ್ತಿಗೂ 'ಉಣ್ಣೆ ಚರ್ಚು' ಅನ್ನುತ್ತಾರೆ. ಅಂಗಳದಲ್ಲಿ ಸಾಹುಕಾರರ ಕೆಲವು ಗೋರಿಗಳಿವೆ. ಅವುಗಳ ನೆತ್ತಿ ಸುತ್ತಿಟ್ಟ ಉಣ್ಣೆಪಿಂಡಿಯ ಹಾಗೆ ದುಂಡಗಿದೆ. ಸತ್ತ ಮೇಲೂ ಸರಕಿನ ಕೆಳಗೇ ಮಲಗಿದ್ದಾರೆ, ಪಾಪ.

ವರ್ತಕರ ಸಂಘ ಮೊದಲು ಚರ್ಚಿನ ಪಕ್ಕದಲ್ಲಿ ತನ್ನದೇ ಒಂದು ಪ್ರತ್ಯೇಕ ಗುಡಿ ಕಟ್ಟಿಕೊಂಡಿತ್ತು. ಆಮೇಲೆ ಅದನ್ನು ದೊಡ್ಡ ಚರ್ಚಿಗೇ ಸೇರಿಸಿದರು. ದುಡ್ಡಿದ್ದವನು ದೇವರ ಹತ್ತಿರಕ್ಕೆ ಸರಿಯುವ ರೀತಿ ಇದು. ಕುರಿ ಕಾದವನ ಹೆಸರು, ತುಪ್ಪಟ ಕತ್ತರಿಸಿದವನ ಹೆಸರು, ನೂಲು ತೆಗೆದ ಹೆಂಗಸಿನ ಹೆಸರು ಆ ಗೋಡೆಗಳ ಮೇಲೆ ನಮಗೆ ಕಾಣಲಿಲ್ಲ. ಉಣ್ಣೆಗೆ ಬೆಲೆ ಬಂದಂತೆ ಇಂಗ್ಲೆಂಡಿನ ಎಷ್ಟೋ ಕಡೆ ಜಮೀನ್ದಾರರು ಊರ ಗೋಮಾಳಕ್ಕೆ ಬೇಲಿ ಹಾಕಿ ಕುರಿ ಬಿಟ್ಟರು, ಉಳುವವರನ್ನು ಎಬ್ಬಿಸಿದರು. ಥಾಮಸ್ ಮೋರ್ 1516ರಲ್ಲೇ ತನ್ನ 'ಯುಟೋಪಿಯ'ದಲ್ಲಿ ಇದನ್ನು ಕಟುವಾಗಿ ಟೀಕಿಸಿದ್ದ. ಬೇಲಿ, ಒತ್ತುವರಿ, ಗೋಮಾಳ, ಬಗರ್‌ಹುಕುಂ: ನಮ್ಮ ಹಳ್ಳಿಯ ಮೇಷ್ಟರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಪ್ಯಾರಿಷ್ ಚರ್ಚು' ಅನ್ನುವ ಮಾತನ್ನು ಮಾತ್ರ ಸ್ವಲ್ಪ ಬಿಡಿಸಬೇಕು. ಪ್ಯಾರಿಷ್ ಎಂದರೆ ಬರೀ ಪೂಜೆಯ ಎಲ್ಲೆಯಲ್ಲ. ಅದು ಕಂದಾಯದ ಎಲ್ಲೆ, ಶಾನುಭೋಗಿಕೆಯ ಎಲ್ಲೆ. ಬೆಳೆದದ್ದರಲ್ಲಿ ಹತ್ತನೇ ಒಂದು ಭಾಗ ಚರ್ಚಿಗೆ ಕೊಡಲೇಬೇಕಿತ್ತು. 1538ರಿಂದ ಪ್ರತಿ ಪ್ಯಾರಿಷ್‌ನಲ್ಲಿ ದೀಕ್ಷೆ, ಮದುವೆ, ಹೂಳಿಕೆ ಮೂರನ್ನೂ ಪುಸ್ತಕದಲ್ಲಿ ಬರೆಯಬೇಕೆಂದು ಸರ್ಕಾರ ಹುಕುಂ ಮಾಡಿತು. 1601ರ ಕಾಯಿದೆಯಂತೆ ಬಡವರಿಗೆ ಹಿಟ್ಟು ಬಟ್ಟೆ ಕೊಡುವುದೂ ಪ್ಯಾರಿಷ್‌ನದೇ ಕೆಲಸ. 1662ರ ಕಾಯಿದೆಯಂತೆ ಹೊರಗಿನಿಂದ ಬಂದ ಬಡವನನ್ನು ಅವನ ಪ್ಯಾರಿಷ್‌ಗೆ ಹಿಂದಕ್ಕೆ ಅಟ್ಟುವ ಅಧಿಕಾರವೂ ಬಂತು. ಅನ್ನ ಹಾಕುವ ಕೈಯೂ ಅದೇ, ಕತ್ತು ಹಿಡಿದು ನೂಕುವ ಕೈಯೂ ಅದೇ.

ಆದರೂ ಆ ಪುಸ್ತಕದ ಬಗ್ಗೆ ನಮಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಕೂಲಿಯವನ ಹುಟ್ಟು ಸಾವಿಗೂ ಒಂದು ಸಾಲು ಇದೆ. ನಮ್ಮ ಅಜ್ಜಿ ಹುಟ್ಟಿದ್ದು ಯಾವಾಗ? 'ಪ್ಲೇಗು ಬಂದು ಊರು ಬಿಟ್ಟಿದ್ದರಲ್ಲ, ಅದರ ಮುಂದಿನ ಮಾರಿಹಬ್ಬಕ್ಕೆ.' ನಮ್ಮಲ್ಲಿ ಎಷ್ಟು ಜನರ ಹುಟ್ಟಿದ ತಾರೀಖು ಜೂನ್ 1 ಅಂತ ಇಲ್ಲ? ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಕೊಟ್ಟ ಹುಟ್ಟುಹಬ್ಬ ಅದು. ಬರೆದಿಟ್ಟವನಿಗೆ ಮಾತ್ರ ಇತಿಹಾಸ ಉಂಟು ಎನ್ನುವ ಲೋಕದಲ್ಲಿ ನಾವು ಬಹಳ ಕಾಲ ಹುಟ್ಟದೇ ಸತ್ತಿದ್ದೇವೆ.

*

ಚರ್ಚಿನೊಳಗೆ ಕಣ್ಣು ಮೊದಲು ಹೋಗುವುದು ದೊಡ್ಡವರ ಗೋರಿಗಳ ಮೇಲೆ. ಎರಡನ್ನು ಮಾತ್ರ ಹೇಳುತ್ತೇವೆ.

ಒಂದು ಎಡ್ಮಂಡ್ ಹಾರ್ಮನ್ ಎಂಬವನ ಸ್ಮಾರಕ, 1569ನೇ ಇಸವಿಯದು. ಇವನು ಎಂಟನೇ ಹೆನ್ರಿ ದೊರೆಯ ಕ್ಷೌರಿಕನಾಗಿದ್ದವ. ದೊರೆಯ ಗಂಟಲಿಗೆ ದಿನಾ ಕತ್ತಿ ಹಿಡಿಯುವವನು ನಂಬಿಗಸ್ಥನಾಗಿರಬೇಕಲ್ಲ. ದೊರೆ ಮಠಗಳನ್ನು ಮುಚ್ಚಿ ಆಸ್ತಿ ಹಂಚಿದಾಗ ಬರ್ಫರ್ಡಿನ ಹಳೇ ಧರ್ಮಶಾಲೆಯ ಆಸ್ತಿ ಇವನ ಪಾಲಿಗೆ ಬಂತು. ಕಸುಬಿನವನು ಮೇಲಕ್ಕೆ ಬಂದನಲ್ಲ ಅಂತ ನಮಗೆ ಖುಷಿಯಾಗುವಷ್ಟರಲ್ಲೇ ಇನ್ನೊಂದು ಕಂಡಿತು. ಸ್ಮಾರಕದ ಮೇಲೆ ಗರಿ ತೊಟ್ಟ, ಬರಿಮೈಯ ನಾಲ್ವರನ್ನು ಕೆತ್ತಿದ್ದಾರೆ. ಇವರು ಬ್ರೆಜಿಲಿನ ಮೂಲನಿವಾಸಿಗಳಿರಬೇಕು, ಇಂಗ್ಲೆಂಡಿನಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ಕೆತ್ತಿದ ಮೊದಲ ಶಿಲ್ಪಗಳಲ್ಲಿ ಇದೂ ಒಂದು ಎಂದು ಹೇಳುತ್ತಾರೆ. ಸಮುದ್ರದಾಚೆಯ ಜನರನ್ನು ಯೂರೋಪು ಸಾಲುಸಾಲಾಗಿ ಕೊಂದು, ದುಡಿಸಿ ಮುಗಿಸುತ್ತಿದ್ದ ಕಾಲ ಅದು. ಅವರೇ ಈ ಹಳ್ಳಿ ಚರ್ಚಿನಲ್ಲಿ ಒಬ್ಬ ಶ್ರೀಮಂತನ ಹೆಸರಿನ ಸುತ್ತ ಅಲಂಕಾರವಾಗಿ ನಿಂತಿದ್ದಾರೆ. ನಾವು ಅವರ ಮುಖವನ್ನು ತುಂಬ ಹೊತ್ತು ನೋಡಿದೆವು. ಅಷ್ಟು ದೊಡ್ಡ ಚರ್ಚಿನಲ್ಲಿ ನಮ್ಮ ಬಣ್ಣಕ್ಕೆ ಹತ್ತಿರದವರು ಅವರೊಬ್ಬರೇ.

ಇನ್ನೊಂದು ಸರ್ ಲಾರೆನ್ಸ್ ಟ್ಯಾನ್‌ಫೀಲ್ಡ್ ಮತ್ತು ಹೆಂಡತಿಯದು. ಕಂಬ, ಕಮಾನು, ಬಣ್ಣ, ಒಂದು ಸಣ್ಣ ಅರಮನೆಯೇ. ಇವನು ದೊಡ್ಡ ನ್ಯಾಯಾಧೀಶ. 1617ರಲ್ಲಿ ಬರ್ಫರ್ಡಿನ ಜಹಗೀರು ಕೊಂಡ. ಪೇಟೆಯವರು ತಲೆತಲಾಂತರದಿಂದ ಸಂತೆಸುಂಕ, ಪಂಚಾಯ್ತಿ ಎಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಅದೆಲ್ಲ ತನಗೇ ಸೇರಬೇಕೆಂದು ಇವನು ಕೋರ್ಟು ಹತ್ತಿಸಿ, ಅವರ ಹಕ್ಕನ್ನು ಕಿತ್ತುಹಾಕಿದ. ಆ ಕೋರ್ಟಿನ ಮುಖ್ಯ ನ್ಯಾಯಾಧೀಶ ಯಾರು? ಸ್ವತಃ ಇವನೇ! ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. 1625ರಲ್ಲಿ ಸತ್ತ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಸಿಗದ ಅವನ ಹೆಂಡತಿ ಇಲ್ಲಿಯ ಒಂದು ಗುಡಿಯನ್ನು ಯಾರ ಅಪ್ಪಣೆಯನ್ನೂ ಕೇಳದೆ ಹಿಡಿದುಕೊಂಡು ಈ ಗೋರಿ ಕಟ್ಟಿಸಿದಳು. ಊರವರು ಸುಮ್ಮನಿರಲಿಲ್ಲ. ವರ್ಷಕ್ಕೊಂದು ಸಲ ಗಂಡಹೆಂಡತಿಯ ಪ್ರತಿಕೃತಿ ಮಾಡಿ ಸುಡುತ್ತಿದ್ದರಂತೆ. ಬಹಳ ತಲೆಮಾರು ಈ ಪದ್ಧತಿ ನಡೆಯಿತಂತೆ.

ಕಲ್ಲಿನಲ್ಲಿ ಅವರು ಬರೆಸಿದ್ದು ಒಂದು ಇತಿಹಾಸ. ಹುಲ್ಲಿನಲ್ಲಿ ಜನ ಮಾಡಿ ಸುಟ್ಟದ್ದು ಇನ್ನೊಂದು ಇತಿಹಾಸ. ಹುಲ್ಲು ಬೂದಿಯಾಗುತ್ತದೆ, ಕಲ್ಲು ನಿಲ್ಲುತ್ತದೆ. ಆದ್ದರಿಂದಲೇ ಸಂಶೋಧಕರು ಕಲ್ಲನ್ನೇ ಓದುತ್ತಾರೆ.

*

ಗೋರಿಗಳನ್ನು ಬಿಟ್ಟು ದೀಕ್ಷಾಸ್ನಾನದ ತೊಟ್ಟಿಯ ಹತ್ತಿರ ಬಂದೆವು. ಹಸುಗೂಸುಗಳ ತಲೆಗೆ ನೀರು ಹಾಕುವ ತೊಟ್ಟಿ. ಒಳಗೆ ಸೀಸದ ತಗಡು ಹೊದಿಸಿದ್ದಾರೆ. ಆ ಸೀಸದ ಮೇಲೆ ಚೂಪಾದ ಏನರಿಂದಲೋ ಗೀಚಿದ ಅಕ್ಷರಗಳಿವೆ: ಆಂಟನಿ ಸೆಡ್ಲಿ, 1649, ಕೈದಿ.

ಈ ಸೆಡ್ಲಿ ಯಾರು? ಒಬ್ಬ ಸಿಪಾಯಿ. ದೊರೆಯ ವಿರುದ್ಧ ಪಾರ್ಲಿಮೆಂಟಿನ ಪರವಾಗಿ ಹೋರಾಡಿದ ಸೈನ್ಯದವನು. ಗೆದ್ದ ಸೈನ್ಯದವನು. ಗೆದ್ದ ಸೈನ್ಯದವನು ಕೈದಿ ಹೇಗಾದ?

1642ರಲ್ಲಿ ಇಂಗ್ಲೆಂಡಿನಲ್ಲಿ ದೊರೆ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಪಾರ್ಲಿಮೆಂಟಿನ ಸೈನ್ಯದಲ್ಲಿ ಸಣ್ಣ ರೈತರು, ಚಮ್ಮಾರರು, ನೇಯುವವರು, ಅಂಗಡಿ ಹುಡುಗರು ತುಂಬಿದ್ದರು. ಅವರು ಬೈಬಲ್ಲು ಓದಿದರು, ಕರಪತ್ರ ಓದಿದರು, ರಾತ್ರಿ ಬೆಂಕಿ ಸುತ್ತ ಕೂತು ವಾದ ಮಾಡಿದರು. ರಕ್ತ ಸುರಿಸಿದ್ದು ನಾವು, ರಾಜ್ಯ ಯಾರದಾಗಬೇಕು? ಈ ಪ್ರಶ್ನೆ ಎತ್ತಿದವರಿಗೆ ವೈರಿಗಳು 'ಲೆವೆಲರ್ಸ್' ಎಂದು ಅಡ್ಡಹೆಸರಿಟ್ಟರು. ಅಂದರೆ ಮಟ್ಟ ಮಾಡುವವರು. ಉತ್ತ ಗದ್ದೆಗೆ ನಾವು ಮರ ಹೊಡೆದು ದಿಣ್ಣೆ ತಗ್ಗು ಸಮ ಮಾಡುತ್ತೇವಲ್ಲ, ಹಾಗೆ. ಬೈಗುಳವಾಗಿ ಬಂದ ಹೆಸರೇ ಅವರಿಗೆ ಬಾವುಟವಾಯಿತು. ಜಾನ್ ಲಿಲ್‌ಬರ್ನ್, ರಿಚರ್ಡ್ ಓವರ್ಟನ್, ವಿಲಿಯಂ ವಾಲ್ವಿನ್ ಇವರ ಮುಂದಾಳುಗಳು.

1647ರ ಅಕ್ಟೋಬರ್ ಕೊನೆಯಲ್ಲಿ ಲಂಡನ್ ಹತ್ತಿರದ ಪಟ್ನಿಯಲ್ಲಿ ಸೈನ್ಯದ ದೊಡ್ಡವರೂ ಸಿಪಾಯಿಗಳ ಪ್ರತಿನಿಧಿಗಳೂ ಎದುರುಬದುರು ಕೂತು ಚರ್ಚೆ ಮಾಡಿದರು. ಅದೂ ಒಂದು ಪ್ಯಾರಿಷ್ ಚರ್ಚಿನಲ್ಲೇ. ಕರ್ನಲ್ ರೇನ್ಸ್‌ಬರೋ ಎದ್ದು, ಅತಿ ದೊಡ್ಡವನಿಗೆ ಹೇಗೆ ಬಾಳಲು ಒಂದು ಬಾಳಿದೆಯೋ ಕಡುಬಡವನಿಗೂ ಹಾಗೇ ಇದೆ, ತಾನು ಒಪ್ಪದ ಸರ್ಕಾರಕ್ಕೆ ಅವನು ಯಾಕೆ ತಲೆಬಾಗಬೇಕು ಎಂದು ಕೇಳಿದ. ಕ್ರಾಮ್‌ವೆಲ್‌ನ ಅಳಿಯ ಐರ್ಟನ್, ನೆಲ ಆಸ್ತಿ ಇದ್ದವನಿಗೆ ಮಾತ್ರ ಓಟು, ಇಲ್ಲದವನಿಗೆ ಓಟು ಕೊಟ್ಟರೆ ನಾಳೆ ಆಸ್ತಿಯೇ ಉಳಿಯೋದಿಲ್ಲ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟ. ಈ ಚರ್ಚೆಯನ್ನು ಒಬ್ಬ ಗುಮಾಸ್ತ ಶೀಘ್ರಲಿಪಿಯಲ್ಲಿ ಬರೆದಿಟ್ಟಿದ್ದ. ಆ ಹಾಳೆಗಳು ಆಕ್ಸ್‌ಫರ್ಡಿನ ಒಂದು ಕಾಲೇಜಿನ ಕಪಾಟಿನಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ಬಿದ್ದಿದ್ದು, 1890ರ ಸುಮಾರಿಗೆ ಬೆಳಕಿಗೆ ಬಂದವು. ಬಡವರ ಮಾತು ಕಪಾಟಿನಲ್ಲಿ ಎಷ್ಟು ಹಾಯಾಗಿ ನಿದ್ದೆ ಮಾಡುತ್ತದೆ ನೋಡಿ.

1649ರ ಜನವರಿ 30ರಂದು ದೊರೆಯ ತಲೆ ಉರುಳಿತು. ರಾಜ ಹೋದ. ಆದರೆ ಸಿಪಾಯಿಯ ಸಂಬಳದ ಬಾಕಿ ಬರಲಿಲ್ಲ. ಓಟು ಬರಲಿಲ್ಲ. ಹತ್ತನೇ ಒಂದು ಭಾಗದ ವಸೂಲಿ ನಿಲ್ಲಲಿಲ್ಲ. ಕುರ್ಚಿ ಅದೇ, ಕೂತವರು ಮಾತ್ರ ಬದಲು. ಇಂಥ ಬದಲಾವಣೆಯನ್ನು ನಾವೂ ಕಂಡಿದ್ದೇವೆ.

ಮಾರ್ಚ್ ಕೊನೆಗೆ ಲಿಲ್‌ಬರ್ನ್ ಮತ್ತು ಸಂಗಾತಿಗಳನ್ನು ಲಂಡನ್ನಿನ ಕೋಟೆಯಲ್ಲಿ ಸೆರೆಗೆ ಹಾಕಿದರು. ಹೆಂಗಸರು ಸಾವಿರಾರು ಸಹಿ ಹಾಕಿದ ಅರ್ಜಿ ಹಿಡಿದು ಪಾರ್ಲಿಮೆಂಟಿನ ಬಾಗಿಲಿಗೆ ಬಂದರು. ಮನೆಗೆ ಹೋಗಿ ಪಾತ್ರೆ ತೊಳೆಯಿರಿ ಎಂಬಂಥ ಉತ್ತರ ಸಿಕ್ಕಿತು. ಏಪ್ರಿಲ್ 27ರಂದು ರಾಬರ್ಟ್ ಲಾಕಿಯರ್ ಎಂಬ ಹುಡುಗ ಸಿಪಾಯಿಯನ್ನು ದಂಗೆಯ ಆಪಾದನೆ ಮೇಲೆ ಲಂಡನ್ನಿನಲ್ಲಿ ಗುಂಡಿಟ್ಟು ಕೊಂದರು. ಅವನ ಹೆಣದ ಹಿಂದೆ ಸಾವಿರಾರು ಜನ ಕಡಲಹಸಿರು ಪಟ್ಟಿ ಕಟ್ಟಿಕೊಂಡು ನಡೆದರು. ಅದು ಲೆವೆಲರ್‌ಗಳ ಬಣ್ಣ.

ಅಷ್ಟರಲ್ಲೇ ಐರ್ಲೆಂಡಿನ ಮೇಲೆ ದಂಡೆತ್ತಿ ಹೋಗಲು ಯಾವ ಯಾವ ಪಡೆ ಅಂತ ಚೀಟಿ ಎತ್ತಿದರು. ಹೋಗೋದಿಲ್ಲ ಅಂದವನು ಬಾಕಿ ಸಂಬಳದ ಆಸೆ ಬಿಟ್ಟು ಮನೆಗೆ ಹೋಗಬೇಕು. ಹಲವು ಪಡೆಗಳು ತಿರುಗಿಬಿದ್ದವು. ಮೊದಲು ನಮ್ಮ ಲೆಕ್ಕ ಚುಕ್ತಾ ಮಾಡಿ, ಮೊದಲು ಇಲ್ಲಿಯ ಜನರಿಗೆ ಸ್ವಾತಂತ್ರ್ಯ ಕೊಡಿ, ಆಮೇಲೆ ಐರ್ಲೆಂಡು ಅನ್ನುವುದು ಬಹಳ ಜನರ ಮಾತು. ಐರಿಶರ ನೆಲ ಕಿತ್ತುಕೊಳ್ಳಲು ನಮಗೇನು ಹಕ್ಕು ಎಂದು ಕೇಳಿದವರೂ ಕರಪತ್ರಗಳಲ್ಲಿ ಇದ್ದರು. ಎಲ್ಲರೂ ಹಾಗೆ ಕೇಳಿದರು ಅಂತ ನಾವು ಹೇಳಿದರೆ ಸುಳ್ಳಾಗುತ್ತದೆ. ನಮ್ಮವರನ್ನು ದೊಡ್ಡದು ಮಾಡಲು ನಾವು ಇತಿಹಾಸಕ್ಕೆ ಬಣ್ಣ ಹಚ್ಚಬಾರದು. ಅದು ಅವರ ಕೆಲಸ.

ತಿರುಗಿಬಿದ್ದ ಪಡೆಗಳು ಸಾಲ್ಸ್‌ಬರಿ ಕಡೆಯಿಂದ ಉತ್ತರಕ್ಕೆ ನಡೆದು ಮೇ 13ರ ರಾತ್ರಿ ಬರ್ಫರ್ಡಿಗೆ ಬಂದು ತಂಗಿದವು. ಮಾತುಕತೆಗೆ ಬಂದಿದ್ದ ಅಧಿಕಾರಿಯ ಭರವಸೆ ನಂಬಿ ನಾವು ಮೈಮರೆತೆವು ಅನ್ನುವುದು ಆಮೇಲೆ ಅವರು ಕೊಟ್ಟ ದೂರು. ಅದೇ ದಿನ ಫೇರ್‌ಫ್ಯಾಕ್ಸ್ ಮತ್ತು ಕ್ರಾಮ್‌ವೆಲ್ ಉಸಿರು ತಿರುಗಿಸದೆ ಕುದುರೆ ಓಡಿಸಿಕೊಂಡು ಬಂದು ನಡುರಾತ್ರಿ ಊರಿಗೆ ನುಗ್ಗಿದರು. ಹೆಚ್ಚಿನವರು ನಿದ್ದೆಯಲ್ಲಿದ್ದರು. ಎಷ್ಟೋ ಜನ ಕತ್ತಲಲ್ಲಿ ತಪ್ಪಿಸಿಕೊಂಡರು. ಸುಮಾರು 340 ಜನ ಸಿಕ್ಕಿಬಿದ್ದರು. ಅಷ್ಟೂ ಜನರನ್ನು ತುಂಬಲು ಊರಿನಲ್ಲಿ ಇದ್ದ ದೊಡ್ಡ ಕಟ್ಟಡ ಒಂದೇ: ಚರ್ಚು. ಬಾಗಿಲು ಹಾಕಿದರು.

ಮೂರು ರಾತ್ರಿ. ಆ ಕಲ್ಲುನೆಲದ ಮೇಲೆ, ಉಣ್ಣೆ ಸಾಹುಕಾರರ ಗೋರಿಗಳ ಮಧ್ಯೆ, ಟ್ಯಾನ್‌ಫೀಲ್ಡನ ಬಣ್ಣದ ಕಂಬಗಳ ಪಕ್ಕದಲ್ಲಿ, 340 ಜನ ಸಾವು ಕಾಯುತ್ತ ಕೂತರು. ಎಲ್ಲರಿಗೂ ಮರಣದಂಡನೆಯ ಬೆದರಿಕೆ ಇತ್ತು. ಆಗಲೇ ಸೆಡ್ಲಿ ಆ ತೊಟ್ಟಿಯ ಸೀಸ ಗೀಚಿದ್ದು. ಅವನು ಬರೆದ 'ಕೈದಿ' ಎಂಬ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಆಗ ಕಾಗುಣಿತ ಇನ್ನೂ ಗಟ್ಟಿಯಾಗಿರಲಿಲ್ಲ, ನಾಲಗೆ ಹೊರಳಿದಂತೆ ಬರೆದಿದ್ದಾನೆ. ಇವತ್ತಿನ ಶುದ್ಧಾಕ್ಷರದ ಮೇಷ್ಟರಾಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಿವಿ ಹಿಂಡುತ್ತಿದ್ದರು. 'ಹ'ಕಾರ 'ಅ'ಕಾರ ತಪ್ಪಿತು ಅಂತ ಏಟು ತಿಂದ ನಮ್ಮ ಕೇರಿ ಹುಡುಗರಿಗೆ ಈ ಸೆಡ್ಲಿ ಹತ್ತಿರದ ನೆಂಟ.

ಮೇ 17ರ ಬೆಳಿಗ್ಗೆ ಮೂವರನ್ನು ಆರಿಸಿ ಅಂಗಳಕ್ಕೆ ತಂದರು. ಕುದುರೆಪಡೆಯ ಬಾವುಟ ಹಿಡಿಯುತ್ತಿದ್ದ ಕಾರ್ನೆಟ್ ಜೇಮ್ಸ್ ಥಾಂಪ್ಸನ್, ಕಾರ್ಪೊರಲ್ ಪರ್ಕಿನ್ಸ್, ಸಿಪಾಯಿ ಜಾನ್ ಚರ್ಚ್. ಮಿಕ್ಕವರನ್ನು ಚಾವಣಿಗೆ ಹತ್ತಿಸಿ, 'ನೋಡಿ' ಅಂತ ನಿಲ್ಲಿಸಿದರು. ಒಬ್ಬೊಬ್ಬರನ್ನಾಗಿ ಗೋಡೆಗೆ ನಿಲ್ಲಿಸಿ ಸುಟ್ಟರು. ನಾಲ್ಕನೆಯವನು ಹೆನ್ರಿ ಡೆನ್, ತಪ್ಪಾಯಿತು ಎಂದು ಅತ್ತ. ಅವನನ್ನು ಬಿಟ್ಟರು. ಬಿಟ್ಟ ಮೇಲೆ ಅವನಿಂದಲೇ ಚರ್ಚಿನಲ್ಲಿ ಸಂಗಾತಿಗಳಿಗೆ ಪಶ್ಚಾತ್ತಾಪದ ಉಪದೇಶ ಮಾಡಿಸಿದರು. ಕೊಂದದ್ದಕ್ಕಿಂತ ಇದೇ ದೊಡ್ಡ ಕ್ರೌರ್ಯ ಎಂದು ನಮಗೆ ಅನ್ನಿಸಿತು. ನಮ್ಮ ಚಳವಳಿಗಳಲ್ಲೂ ಅತ್ತವರಿದ್ದಾರೆ, ಅತ್ತ ಮೇಲೆ ವೇದಿಕೆ ಸಿಕ್ಕವರಿದ್ದಾರೆ. ಅವರನ್ನು ಬೈಯುವ ಮುಂಚೆ, ಗೋಡೆಗೆ ಬೆನ್ನು ಕೊಟ್ಟು ನಿಂತವನ ಎದೆಬಡಿತವನ್ನೂ ನೆನೆಯಬೇಕು.

ಪ್ಯಾರಿಷ್ ಪುಸ್ತಕದಲ್ಲಿ ಚರ್ಚಿನ ಅಂಗಳದಲ್ಲಿ ಗುಂಡಿಗೆ ಸತ್ತ ಮೂವರು ಸಿಪಾಯಿಗಳನ್ನು ಹೂಳಿದ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗಿದೆ. ಎರಡು ದಿನ ಕಳೆದು, ಮೇ 19ರಂದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕ್ರಾಮ್‌ವೆಲ್ ಮತ್ತು ಫೇರ್‌ಫ್ಯಾಕ್ಸ್ ಇಬ್ಬರಿಗೂ ಡಾಕ್ಟರೇಟ್ ಪದವಿ ಕೊಟ್ಟಿತು. ಯಾವುದರಲ್ಲಿ? ಕಾನೂನಿನಲ್ಲಿ! ವಿಶ್ವವಿದ್ಯಾಲಯಗಳು ಯಾರಿಗೆ ಗೌರವ ಡಾಕ್ಟರೇಟ್ ಕೊಡುತ್ತವೆ ಅನ್ನೋದು ನಮಗೆ ಹೊಸದಲ್ಲ.

*

ಸೋತದ್ದು ಯಾಕೆ? ಬಂದೂಕು ಅವರ ಕಡೆ ಇತ್ತು ಎಂದಷ್ಟೇ ಹೇಳಿ ಮುಗಿಸಿದರೆ ಪಾಠ ಕಲಿತಂತಾಗುವುದಿಲ್ಲ.

ಸೆರೆಯಲ್ಲಿದ್ದ ಮುಂದಾಳುಗಳು ಆ ಮೇ 1ರಂದು ಒಂದು ಜನತಾ ಒಪ್ಪಂದವನ್ನು ಹೊರಡಿಸಿದ್ದರು. ವರ್ಷವರ್ಷ ಚುನಾವಣೆ, ಕಾನೂನಿನ ಮುಂದೆ ಎಲ್ಲರೂ ಒಂದೇ, ಸಾಲಕ್ಕಾಗಿ ಜೈಲಿಲ್ಲ, ಬಲವಂತದ ಸೈನ್ಯಸೇರ್ಪಡೆ ಇಲ್ಲ, ಹತ್ತನೇ ಒಂದು ಭಾಗದ ವಸೂಲಿ ರದ್ದು, ಪ್ಯಾರಿಷ್‌ನ ಜನ ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕು. ಇವತ್ತು ಓದಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಓಟು ಯಾರಿಗೆ? ಇಪ್ಪತ್ತೊಂದು ತುಂಬಿದ ಗಂಡಸರಿಗೆ. ಅದರಲ್ಲೂ ಇನ್ನೊಬ್ಬರ ಮನೆಯಲ್ಲಿ ಆಳಾಗಿರುವವನಿಗೆ ಇಲ್ಲ, ಭಿಕ್ಷೆಯಲ್ಲಿ ಬದುಕುವವನಿಗೆ ಇಲ್ಲ. ಅರ್ಜಿ ಹಿಡಿದು ಬೀದಿಗಿಳಿದ ಹೆಂಗಸರಿಗೆ ಇಲ್ಲವೇ ಇಲ್ಲ. ಅಂದರೆ ನಮ್ಮ ಲೆಕ್ಕದಲ್ಲಿ ಜೀತದಾಳು ಹೊರಗೆ, ತಿರುಪೆಯವನು ಹೊರಗೆ, ಅವ್ವ ಹೊರಗೆ. ಮಟ್ಟ ಮಾಡುವವರ ಮರ ಗದ್ದೆಯ ಕಡೇ ಮೂಲೆಗೆ ಮುಟ್ಟಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಜೆರಾರ್ಡ್ ವಿನ್‌ಸ್ಟಾನ್ಲಿ ಮತ್ತು ಕೆಲವರು ಸರ್ರೆಯ ಒಂದು ಗುಡ್ಡದ ಪಾಳುನೆಲ ಅಗೆದು, ಭೂಮಿ ಎಲ್ಲರದು ಅಂತ ಬೀಜ ಹಾಕಿದ್ದರು. ಲಿಲ್‌ಬರ್ನ್ ಅವರನ್ನು ನಮ್ಮವರು ಅನ್ನಲಿಲ್ಲ. ಓಟು ಕೇಳುವವರೂ ಭೂಮಿ ಕೇಳುವವರೂ ಬೇರೆ ಬೇರೆ ನಿಂತರು. ಇಬ್ಬರನ್ನೂ ಬೇರೆ ಬೇರೆಯಾಗಿಯೇ ಮುಗಿಸಿದರು.

ಬ್ರಿಟನ್ನಿನಲ್ಲಿ ಎಲ್ಲ ಗಂಡಸರಿಗೂ ಓಟು ಬಂದದ್ದು 1918ರಲ್ಲಿ, ಹೆಂಗಸರಿಗೆ ಸಮನಾಗಿ ಬಂದದ್ದು 1928ರಲ್ಲಿ. ಬಾಬಾಸಾಹೇಬ್ ಅಂಬೇಡ್ಕರ್ ಅಸ್ಪೃಶ್ಯರಿಗೆ ಓಟು ಕೇಳಿ ಸೌತ್‌ಬರೋ ಸಮಿತಿ ಮುಂದೆ ಹೇಳಿಕೆ ಕೊಟ್ಟದ್ದು 1919ರಲ್ಲಿ. ಸೈಮನ್ ಕಮಿಷನ್ ಮುಂದೆ 1928ರಲ್ಲಿ ವಯಸ್ಕರೆಲ್ಲರಿಗೂ ಓಟು ಎಂದರು. ನಮ್ಮ ಸಂವಿಧಾನ ಆಳು, ಭಿಕ್ಷುಕ, ಹೆಂಗಸು ಎಂದು ಯಾರನ್ನೂ ಹೊರಗಿಡಲಿಲ್ಲ. ಬರ್ಫರ್ಡಿನ ಗೋಡೆಯ ಹತ್ತಿರ ನಿಂತು ಇದನ್ನು ನೆನೆದಾಗ ಎದೆ ತುಂಬಿತು. ಆದರೆ ಓಟು ಸಮ, ಬಾಳು ಅಸಮ ಎಂಬ ಎಚ್ಚರಿಕೆಯನ್ನೂ 1949ರ ನವೆಂಬರಿನಲ್ಲಿ ಕೊಟ್ಟವರು ಅವರೇ.

ಇನ್ನೊಂದು ನಂಟು ಕಹಿಯಾದದ್ದು. ಈ ಮೂವರನ್ನು ಕೊಲ್ಲಿಸಿದ ಮೂರು ತಿಂಗಳಿಗೆ ಕ್ರಾಮ್‌ವೆಲ್ ಐರ್ಲೆಂಡಿಗೆ ಇಳಿದ. ಸೆಪ್ಟೆಂಬರಿನಲ್ಲಿ ಡ್ರೊಹೆಡಾ ಊರಿನಲ್ಲಿ ಕಗ್ಗೊಲೆ ನಡೆಯಿತು. ಅದೇ ಕ್ರಾಮ್‌ವೆಲ್ 1657ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೊಸ ಸನದು ಕೊಟ್ಟ. ಆ ಕಂಪನಿ ಬೆಳೆದು ಬೆಳೆದು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದು ಟಿಪ್ಪುವಿನ ಹೆಣ ಕೆಡವಿತು. ಮನೆಯೊಳಗೆ ತನ್ನ ಬಡವರ ಬಾಯಿ ಮುಚ್ಚಿಸಿದವನೇ ಹೊರಗೆ ಇನ್ನೊಬ್ಬರ ಮನೆ ಲೂಟಿಗೆ ಹೊರಟವನು. ಐರ್ಲೆಂಡಿಗೆ ಹೋಗೋದಿಲ್ಲ ಅಂದ ಸಿಪಾಯಿಗಳು ಗೆದ್ದಿದ್ದರೆ ಏನಾಗುತ್ತಿತ್ತು? ಹಾಗೆ ಕೇಳುವುದು ಇತಿಹಾಸಕಾರನ ಕೆಲಸವಲ್ಲ ಅಂತಾರೆ. ನಾವು ಕೇಳಿಕೊಂಡೆವು.

*

ಹೊರಡುವ ಮುಂಚೆ ಇನ್ನೊಂದು ಕತೆ. 1876ರಲ್ಲಿ ಈ ಚರ್ಚನ್ನು ರಿಪೇರಿ ಮಾಡಿಸುತ್ತಿದ್ದಾಗ ಕವಿ ವಿಲಿಯಂ ಮಾರಿಸ್ ಬಂದು ನೋಡಿದ. ಹಳೆಯ ಕೆಲಸಗಾರರ ಕೈಗುರುತನ್ನೆಲ್ಲ ಕೆರೆದು ಹಾಕುತ್ತಿದ್ದಾರೆ ಎಂದು ಸಿಟ್ಟಾದ. ಹಳೇ ಕಟ್ಟಡಗಳನ್ನು ಕಾಪಾಡಲು 1877ರಲ್ಲಿ ಅವನು ಒಂದು ಸಂಘ ಕಟ್ಟಿದ್ದಕ್ಕೆ ಈ ಸಿಟ್ಟೂ ಒಂದು ಕಾರಣ. ಆಗ ಇಲ್ಲಿದ್ದ ಪಾದ್ರಿ ಅವನಿಗೆ, ಈ ಚರ್ಚು ನನ್ನದು, ಮನಸ್ಸಾದರೆ ನಾನಿಲ್ಲಿ ತಲೆಕೆಳಗಾಗಿ ನಿಲ್ಲುತ್ತೇನೆ ಎಂದನಂತೆ. ಉಣ್ಣೆ ಸಾಹುಕಾರ ನನ್ನದು ಅಂದ, ನ್ಯಾಯಾಧೀಶ ನನ್ನದು ಅಂದ, ಪಾದ್ರಿ ನನ್ನದು ಅಂದ. ಮಾರಿಸ್ ಮುಂದೆ ಸಮಾಜವಾದಿಯಾದ. ಕಲ್ಲು ಕಟೆದವನ ಕೈಗುರುತಿಗೆ ಬೆಲೆ ಇದೆ ಎಂದು ತಿಳಿದವನು ಕೊನೆಗೆ ಆ ಕೈಯ ಪಕ್ಕ ನಿಲ್ಲದೆ ಇರಲಾರ.

ಮುನ್ನೂರು ವರ್ಷ ಆ ಮೂವರನ್ನು ಹೆಚ್ಚಿನವರು ಮರೆತಿದ್ದರು. 1975ರಲ್ಲಿ ಆಕ್ಸ್‌ಫರ್ಡಿನ ಕಾರ್ಮಿಕ ಶಿಕ್ಷಣ ಸಂಘದವರು ಮೇ ತಿಂಗಳಲ್ಲಿ ಇಲ್ಲಿಗೆ ಬಂದು ಅವರ ನೆನಪು ಮಾಡಿದರು. ಮರುವರ್ಷ ಟೋನಿ ಬೆನ್ ಬಂದು ಮಾತಾಡಿದರು. 1979ರಲ್ಲಿ ಚರ್ಚಿನ ಗೋಡೆಗೆ ಮೂವರ ಹೆಸರಿನ ಫಲಕ ಹಾಕಿದರು. ಅಂದಿನಿಂದ ಮೇ 17ರ ಆಸುಪಾಸಿನಲ್ಲಿ ಲೆವೆಲರ್‌ಗಳ ದಿನ, ಬಾವುಟ, ಹಾಡು, ಮೆರವಣಿಗೆ. ಪುಸ್ತಕದ ಒಂದು ಸಾಲು, ಸೀಸದ ಮೇಲಿನ ಒಂದು ಗೀರು: ಇಷ್ಟೇ ಬೀಜ ಉಳಿದಿತ್ತು. ಅಷ್ಟರಿಂದಲೇ ಮತ್ತೆ ಚಿಗುರಿತು.

ಚರ್ಚಿನಲ್ಲಿ ಎಲ್ಲರೂ ಸಮ ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಜಾತಿ ಈ ದೇಶದಲ್ಲಿ ಚರ್ಚಿನ ಬಾಗಿಲನ್ನೂ ದಾಟಿ ಒಳಗೆ ಹೋಗಿ ಕೂತಿದೆ. ದಲಿತ ಕ್ರೈಸ್ತರಿಗೆ ಸತ್ತ ಮೇಲೂ ಬೇರೆ ಸ್ಮಶಾನ ಇಟ್ಟ ಊರುಗಳು ದಕ್ಷಿಣದಲ್ಲೇ ಇವೆ. ನಾವು ಹೇಳುವುದು ಹಳ್ಳಿಯ ಮೇಷ್ಟರಿಗೆ, ವಿದ್ಯಾರ್ಥಿಗಳಿಗೆ. ನಿಮ್ಮ ತಾಲೂಕಿನ ಸಂತೆಪೇಟೆಯಲ್ಲೂ ಒಂದು ಹಳೇ ಗುಡಿ ಇದೆ, ಮಸೀದಿ ಇದೆ, ಇಗರ್ಜಿ ಇದೆ. ಮಕ್ಕಳನ್ನು ಕರಕೊಂಡು ಹೋಗಿ. ಶಾಸನ ಓದಿಸಿ: ಯಾವ ದೊರೆ ಎಷ್ಟು ಗದ್ದೆ ಕೊಟ್ಟ? ಆ ಗದ್ದೆ ಉಳುತ್ತಿದ್ದವರು ಯಾರು? ಕಲ್ಲು ಹೊತ್ತವರು ಯಾವ ಕೇರಿಯವರು? ಈಗ ಗುಡಿಯ ಟ್ಯೂಬ್‌ಲೈಟಿನ ಮೇಲೂ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿರುತ್ತದೆ. ಕೆರೆ ಅಗೆದವನ ಹೆಸರು ಎಲ್ಲಿದೆ ಅಂತ ಮಕ್ಕಳು ಕೇಳಲಿ. ಕೇರಿಯ ಅಜ್ಜ ಅಜ್ಜಿಯರನ್ನು ಕೂಡಿಸಿ ಹೇಳಿದ್ದನ್ನು ಹೇಳಿದಂತೆ ಬರೆಸಿ, ಕಾಗುಣಿತ ತಿದ್ದಬೇಡಿ. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರನ್ನು ಎಳೆಹೂಟೆ ಕಟ್ಟಿ ಕೊಂದರು ಎಂಬುದು ನಮಗೆ ತಿಳಿದದ್ದು ಜನ ಅದನ್ನು ಬಾಯಿಂದ ಬಾಯಿಗೆ ದಾಟಿಸಿದ್ದರಿಂದ, ಯಾವ ಅರಸನೂ ಅದನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಬರೆಸಿದ್ದರಿಂದಲ್ಲ.

ಹೊರಗೆ ಬರುವಾಗ ಹೂ ಜೋಡಿಸುತ್ತಿದ್ದ ಆ ಮುದುಕಿ, 'ಸೆಡ್ಲಿಯನ್ನು ನೋಡಿದಿರಾ?' ಎಂದು ಕೇಳಿದರು. ಪಕ್ಕದ ಮನೆಯ ಹುಡುಗನನ್ನು ಕೇಳುವ ಹಾಗೆ ಕೇಳಿದರು. ನೋಡಿದೆವು ಎಂದೆವು. ಬೂಟು ಬಿಚ್ಚಲು ಹೋಗಿದ್ದ ಗೆಳೆಯ ಮತ್ತೆ ಒಳಗೆ ಹೋಗಿ ಆ ಸೀಸದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಸವರಿ ಬಂದ. ಮುಟ್ಟಿದರೆ ಮೈಲಿಗೆ ಅಂತ ಅಲ್ಲಿ ಯಾರೂ ಅನ್ನಲಿಲ್ಲ.